ಕುತ್ತಿಗೆ ನೋವಿಗೆ ಔಷಧವಿಲ್ಲದ ಸೂಜಿ
ತಿಂಗಳುಗಟ್ಟಲೆ ಬಿಡದ ಕುತ್ತಿಗೆ ನೋವಿಗೆ ಹೆಗಲ ಸ್ನಾಯುವಿನಲ್ಲಿ ಕಟ್ಟಿಕೊಂಡ ಗಂಟು ಕಾರಣವಾಗಿರಬಹುದು. ಒತ್ತಿದರೆ ನೋವು ತಲೆಯವರೆಗೂ ಹರಿಯುತ್ತದೆ. ‘ಡ್ರೈ ನೀಡ್ಲಿಂಗ್’ ಚಿಕಿತ್ಸೆಯಲ್ಲಿ ಆ ಗಂಟಿಗೇ ತೆಳುವಾದ ಸೂಜಿ ಚುಚ್ಚುತ್ತಾರೆ. ಸೂಜಿಯಲ್ಲಿ ಔಷಧವಿರುವುದಿಲ್ಲ; ಅದಕ್ಕೇ ಈ ಹೆಸರು. ಚುಚ್ಚಿದಾಗ ಸ್ನಾಯು ಒಮ್ಮೆ ಅದುರಬಹುದು. ಒಂದೆರಡು ದಿನ ಆ ಜಾಗ ನೋಯುವುದು ಸಹಜ.

ಸಿಗುವ ಆರಾಮ ಹೆಚ್ಚಾಗಿ ತಾತ್ಕಾಲಿಕ. ವ್ಯಾಯಾಮ ಮಾಡದೆ, ಮೊಬೈಲಿಗೆ ಬಾಗುವ ಅಭ್ಯಾಸ ಬಿಡದೆ ಇದ್ದರೆ ನೋವು ಮರಳಬಹುದು.

ಹೆಗಲ ಕೆಳಗೇ ಶ್ವಾಸಕೋಶದ ತುದಿಯಿದೆ. ತಪ್ಪಿ ಚುಚ್ಚಿದರೆ ಅಪಾಯ. ತರಬೇತಿ ಪಡೆದವರ ಬಳಿಯೇ ಹೋಗಿ. ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಲಿ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ. ಬಳಿಕ ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕೈ ಜೋಮು ಹಿಡಿದು ಬಲ ಕುಂದಿದ್ದರೆ ಸೂಜಿಗಿಂತ ಮೊದಲು ವೈದ್ಯರನ್ನು ಕಾಣಿ.