ಕ್ರಿಮಿಯನ್ನೇ ನುಂಗುವ ಕ್ರಿಮಿ! ರೋಗ ಬರುವ ಮೊದಲೇ ಕಾವಲಿಗೆ ನಿಂತೀತೆ?

ಮಸ್ಕಿಯ ಬಂಡೆ ಮೇಲಿನ ಅಶೋಕನ ಶಾಸನ ಹೊರಜಗತ್ತಿಗೆ ಗೊತ್ತಾದದ್ದು 1915ರಲ್ಲಿ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬಾತನ ಕಣ್ಣಿಗೆ ಅದು ಬಿತ್ತು. ಅದೇ ವರ್ಷ ಲಂಡನ್ನಿನಲ್ಲಿ ಫ್ರೆಡರಿಕ್ ಟ್ವಾರ್ಟ್ ಎಂಬ ವಿಜ್ಞಾನಿಯ ಕಣ್ಣಿಗೆ ಇನ್ನೊಂದು ಸೋಜಿಗ ಬಿತ್ತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ್ದ ಬ್ಯಾಕ್ಟೀರಿಯಾ ತಮ್ಮಷ್ಟಕ್ಕೆ ತಾವೇ ಕರಗಿ ಹೋಗುತ್ತಿದ್ದವು! 1917ರಲ್ಲಿ ಪ್ಯಾರಿಸ್ಸಿನ ಫೆಲಿಕ್ಸ್ ದೆರೆಲ್ ಇದಕ್ಕೆ ಕಾರಣವಾದ ಅತಿಸೂಕ್ಷ್ಮ ಜೀವಿಗೆ ಹೆಸರಿಟ್ಟರು: ಬ್ಯಾಕ್ಟೀರಿಯೋಫೇಜ್. ಅಂದರೆ ಬ್ಯಾಕ್ಟೀರಿಯಾ ತಿನ್ನುವಂಥದ್ದು.

ಶಾಸನಕ್ಕೆ ಹೆಸರು ಬಂತು. ಫೇಜನ್ನು ಜಗತ್ತು ಹೆಚ್ಚೂಕಡಿಮೆ ಮರೆತೇ ಬಿಟ್ಟಿತು. ಈಗ ಮತ್ತೆ ಅದರ ನೆನಪಾಗಿದೆ. ಯಾಕೆ?

ಗುಳಿಗಿ ನಾಟುತ್ತಿಲ್ಲ

“ಎರಡು ಗುಳಿಗಿ ಕೊಡ್ರಿ, ಜೋರಿಂದು ಇರ್ಲಿ.” ಇದು ಯಾವ ಊರಿನ ಔಷಧ ಅಂಗಡಿಯಲ್ಲೂ ಕೇಳುವ ಮಾತು. ಐದು ದಿನ ನುಂಗಬೇಕಾದ್ದನ್ನು ಎರಡೇ ದಿನ ನುಂಗಿ, “ಆರಾಮ್ ಆತು ಬಿಡ್ರಿ” ಅಂತ ಉಳಿದದ್ದನ್ನು ಮಾಡಿನಲ್ಲಿ ಇಡುವವರು ಕಡಿಮೆಯೇ? ಬೇಕಿಲ್ಲದಾಗಲೂ ನುಂಗುವವರಿಗಂತೂ ಲೆಕ್ಕವಿಲ್ಲ. ಹೀಗೆ ಪೆಟ್ಟು ತಿಂದೂ ಬದುಕಿದ ಬ್ಯಾಕ್ಟೀರಿಯಾ ಮುಂದೆ ಆ ಗುಳಿಗಿಗೆ ಜಗ್ಗುವುದಿಲ್ಲ. ಔಷಧಕ್ಕೆ ಬಗ್ಗದ ಇಂಥ ಬ್ಯಾಕ್ಟೀರಿಯಾದಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ವಿಜ್ಞಾನಿಗಳ ಅಂದಾಜು.

ಗಟ್ಟಿಮುಟ್ಟಾದವರು ಹೇಗೋ ತಡೆದುಕೊಂಡಾರು. ಭಯ ಇರುವುದು ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ. ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾದ ಹಿರಿಯರಿಗೆ. ದಿನ ತುಂಬದೆ ಹುಟ್ಟಿದ ಕೂಸಿಗೆ. ಲಿಂಗಸುಗೂರಿನಿಂದಲೋ ಸಿಂಧನೂರಿನಿಂದಲೋ ದೊಡ್ಡ ಆಪರೇಷನ್‌ಗೆಂದು ರಾಯಚೂರಿಗೆ, ಬಳ್ಳಾರಿಗೆ ಬಸ್ ಹತ್ತುವವರಿಗೆ. ಇಂಥವರಿಗೆ ನಂಜು ಏರಿದ ಮೇಲೆ ಓಡಾಡುವುದೆಂದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಬಾಗಿಲನ್ನು ಮೊದಲೇ ಹಾಕಬಾರದೇಕೆ? ಫೇಜನ್ನೇ ಕಾವಲಿಗೆ ನಿಲ್ಲಿಸಬಾರದೇಕೆ? ಪ್ರಶ್ನೆ ಇರುವುದು ಇಲ್ಲೇ.

ಬೀಗಕ್ಕೆ ತಕ್ಕ ಕೀಲಿಕೈ

ಫೇಜ್ ಎಂದರೆ ವೈರಸ್ಸೇ. ಆದರೆ ಮನುಷ್ಯನ ಜೀವಕೋಶದ ತಂಟೆಗೆ ಬರುವುದಿಲ್ಲ. ತನ್ನ ಬೇಟೆಯಾದ ಬ್ಯಾಕ್ಟೀರಿಯಾ ಸಿಕ್ಕರೆ ಅದರ ಮೈಮೇಲೆ ಕೂತು ತನ್ನ ಬೀಜವನ್ನು ಒಳಗೆ ಇಳಿಸುತ್ತದೆ. ಒಳಗೆ ಹತ್ತಾರು, ನೂರಾರು ಮರಿಗಳಾಗಿ ಬ್ಯಾಕ್ಟೀರಿಯಾದ ಹೊಟ್ಟೆ ಒಡೆದು ಹೊರಬರುತ್ತವೆ. ಒಂದು ಬೀಗಕ್ಕೆ ಒಂದೇ ಕೀಲಿಕೈ ಇದ್ದ ಹಾಗೆ ಕಾಲರಾ ಫೇಜ್ ಕಾಲರಾಕ್ಕೆ, ಆಮಶಂಕೆಯದು ಆಮಶಂಕೆಗೆ. ಇವು ಎಲ್ಲಿರುತ್ತವೆ? ನದಿಯಲ್ಲಿ, ಮಣ್ಣಿನಲ್ಲಿ, ಗಟಾರದಲ್ಲಿ. ಬ್ಯಾಕ್ಟೀರಿಯಾ ಇದ್ದಲ್ಲೆಲ್ಲ ಇವೂ ಇರುತ್ತವೆ.

ಗಂಗೆ, ಯಮುನೆಯ ನೀರಿಗೆ ಕಾಲರಾ ಕ್ರಿಮಿ ಕೊಲ್ಲುವ ಗುಣವಿದೆಯೆಂದು ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ 1896ರಲ್ಲೇ ಬರೆದಿದ್ದರು. ಅದು ಫೇಜಿನ ಕೆಲಸವಿರಬೇಕೆಂದು ಅನೇಕರು ಆಮೇಲೆ ಊಹಿಸಿದರು. ಹಾಗಂತ ತುಂಗಭದ್ರಾ ಕಾಲುವೆ ನೀರನ್ನು ಹಾಗೇ ಕುಡಿಯಲು ಹೋಗಬಾರದು! ಫೇಜ್ ಇರುವ ನೀರಿನಲ್ಲಿ ರೋಗಾಣುವೂ ಇರುತ್ತದೆ.

ಬೀದಿಯ ಈ ಕಡೆ, ಆ ಕಡೆ

ರೋಗ ಬರುವ ಮೊದಲೇ ಫೇಜ್ ಕೊಟ್ಟು ನೋಡಿದ್ದು ನಮ್ಮ ದೇಶದಲ್ಲೇ. 1927ರಲ್ಲಿ ದೆರೆಲ್ ಪಂಜಾಬಿಗೆ ಬಂದು ಕಾಲರಾ ಫೇಜನ್ನು ಹಳ್ಳಿಗಳ ಬಾವಿಗೇ ಹಾಕಿಸಿದರು. 1930ರ ನಂತರ ಶಿಲಾಂಗಿನ ಪಾಶ್ಚರ್ ಸಂಸ್ಥೆಯ ಮಾರಿಸನ್ ಅವರು ಅಸ್ಸಾಮಿನ ನೌಗಾಂಗ್ ಭಾಗದ ಹಳ್ಳಿಗಳಿಗೆ ಫೇಜ್ ಹಂಚಿದರು. ಹಂಚದ ಹಬೀಗಂಜ್ ಭಾಗವನ್ನು ಹೋಲಿಕೆಗೆ ಇಟ್ಟುಕೊಂಡರು. ಹಬೀಗಂಜ್ ಈಗ ಬಾಂಗ್ಲಾದೇಶದಲ್ಲಿದೆ. ಸಿಂಧನೂರಿನ ಬಂಗಾಳಿ ಕ್ಯಾಂಪ್‌ಗಳ ಹಿರಿಯರೂ ಪೂರ್ವ ಪಾಕಿಸ್ತಾನವಾಗಿದ್ದ ಅದೇ ನಾಡಿನಿಂದ ಬಂದವರು. ನೌಗಾಂಗಿನಲ್ಲಿ ಕಾಲರಾ ಸಾವು ಇಳಿಯಿತು ನಿಜ. ಆದರೆ ಅದು ಫೇಜಿನಿಂದಲೇ ಎಂದು ಎದೆ ತಟ್ಟಿ ಹೇಳುವಷ್ಟು ಬಿಗಿಯಾದ ಪ್ರಯೋಗ ಅದಾಗಿರಲಿಲ್ಲ. 1936ಕ್ಕೆ ಕೆಲಸ ನಿಂತಿತು. ಬೆನ್ನಿಗೇ ಪೆನಿಸಿಲಿನ್ ಬಂತು. ಫೇಜ್ ಮೂಲೆಗೆ ಬಿತ್ತು.

ಮೂಲೆಗೆ ಬೀಳದ ಒಂದು ಊರೆಂದರೆ ಜಾರ್ಜಿಯಾ ದೇಶದ ಟಿಬಿಲಿಸಿ. 1963-64ರಲ್ಲಿ ಅಲ್ಲಿ ಏಳು ವರ್ಷದೊಳಗಿನ 30,769 ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಂಡರು. ಬೀದಿಯ ಒಂದು ಕಡೆಯ ಮಕ್ಕಳಿಗೆ ಆಮಶಂಕೆಯ ಫೇಜ್, ಇನ್ನೊಂದು ಕಡೆಯವರಿಗೆ ಇಲ್ಲ. ಫೇಜ್ ತಗೊಂಡವರಲ್ಲಿ ಆಮಶಂಕೆ 3.8 ಪಟ್ಟು ಕಡಿಮೆಯಾಯಿತೆಂದು ವರದಿಯಾಯಿತು.

ಬೆಂಗಳೂರಿನ ಮೂಗಿನ ಮುಲಾಮು

ನಮ್ಮ ರಾಜ್ಯದ ಪಾಲೂ ಇದರಲ್ಲಿದೆ. ವಿಜ್ಞಾನಿ ಜಾನಕಿರಾಮನ್ ರಾಮಚಂದ್ರನ್ 2000ದಲ್ಲಿ ಬೆಂಗಳೂರಿನಲ್ಲಿ ಗಂಗಾಜೆನ್ ಕಂಪನಿ ಕಟ್ಟಿದರು. ಹೆಸರಲ್ಲೇ ಗಂಗೆ! ಅವರ ಕಣ್ಣು ಬಿದ್ದದ್ದು ಸ್ಟಫೈಲೋಕಾಕಸ್ ಮೇಲೆ. ಮೂವರಲ್ಲಿ ಒಬ್ಬರ ಮೂಗಿನಲ್ಲಿ ಈ ಬ್ಯಾಕ್ಟೀರಿಯಾ ಸುಮ್ಮನೆ ಕೂತಿರುತ್ತದೆ. ಆಪರೇಷನ್ ಆದಾಗ, ಡಯಾಲಿಸಿಸ್ ಸೂಜಿ ಚುಚ್ಚಿದಾಗ, ರೋಗಿಯ ಮೂಗಿನದೇ ಗಾಯಕ್ಕೆ ಇಳಿದು ನಂಜಾಗುತ್ತದೆ. ಮೊದಲೇ ಮೂಗು ಶುದ್ಧ ಮಾಡಿದರೆ? 2010ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಪರೀಕ್ಷೆಯಲ್ಲಿ, ಮೂಗಿಗೆ ಆಂಟಿಬಯಾಟಿಕ್ ಮುಲಾಮು ಹಚ್ಚಿ, ಕ್ರಿಮಿನಾಶಕ ಸಾಬೂನಿನಲ್ಲಿ ಮೈ ತೊಳೆಸಿದಾಗ ಈ ಸೋಂಕು ನೂರಕ್ಕೆ 7.7ರಿಂದ 3.4ಕ್ಕೆ ಇಳಿದಿತ್ತು. ಆದರೆ ಅಂಥ ಮುಲಾಮಿಗೂ ಬಗ್ಗದ ಬ್ಯಾಕ್ಟೀರಿಯಾ ಇವೆ. ಗಂಗಾಜೆನ್ ಬೇರೆ ದಾರಿ ಹಿಡಿಯಿತು. ಬ್ಯಾಕ್ಟೀರಿಯಾದ ಗೋಡೆ ಕೊರೆಯಲು ಫೇಜ್ ಬಳಸುವ ಆಯುಧವನ್ನಷ್ಟೇ ತೆಗೆದುಕೊಂಡು ‘ಪಿ128’ ಎಂಬ ಪ್ರೊಟೀನ್ ಮಾಡಿತು. ಮೂಗಿಗೆ ಹಚ್ಚುವ ಈ ಔಷಧ ಸಿಂಗಪುರದಲ್ಲಿ ಮನುಷ್ಯರ ಮೇಲಿನ ಪರೀಕ್ಷೆಗೂ ಹೋಯಿತು. ಅಂಗಡಿಗೆ ಮಾತ್ರ ಇನ್ನೂ ಬಂದಿಲ್ಲ.

ತೊಡಕೂ ಉಂಟು. ರೋಗಿಗೆ ಅಂಟಬಹುದಾದ ಬ್ಯಾಕ್ಟೀರಿಯಾ ಯಾವುದೆಂದು ಮೊದಲೇ ಗೊತ್ತಿರಬೇಕು. ಬ್ಯಾಕ್ಟೀರಿಯಾ ಫೇಜಿಗೂ ಒಗ್ಗಿಕೊಳ್ಳಬಹುದು. ನಮ್ಮ ಮೈಯೇ ಫೇಜನ್ನು ಪರಕೀಯನೆಂದು ಓಡಿಸಬಹುದು. ಅದಕ್ಕೇ ಹಲವು ಫೇಜ್ ಕೂಡಿಸಿ ಕೊಡುವ ಯತ್ನ ನಡೆದಿದೆ. “ಫೇಜ್ ಔಷಧ ಐತಿ, ರೊಕ್ಕ ತಗೊಂಡು ಬರ್ರಿ” ಎನ್ನುವವರು ಸಿಕ್ಕರೆ ಮೊದಲು ದೊಡ್ಡ ದವಾಖಾನೆಯ ಡಾಕ್ಟರರನ್ನು ಕೇಳುವುದು ಒಳ್ಳೆಯದು.

ಅಲ್ಲಿಯವರೆಗೆ ಕಾವಲು ಯಾರದು? ಒಂದು, ಔಷಧ ಅಂಗಡಿಯವರದು. ಕೆಂಪು ಗೆರೆಯ ಪಟ್ಟಿಯನ್ನು ಡಾಕ್ಟರರ ಚೀಟಿ ಇಲ್ಲದೆ ಕೊಡುವಂತಿಲ್ಲ. ಕೊನೆಯ ಅಸ್ತ್ರವೆನಿಸಿದ ಆಂಟಿಬಯಾಟಿಕ್‌ಗಳಿಗೆ 2014ರಿಂದ ಮಾರಾಟದ ಲೆಕ್ಕವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಇಡಬೇಕು. ಎರಡು, ಗುಳಿಗಿ ನುಂಗುವವರದು: ಡಾಕ್ಟರರು ಹೇಳಿದಷ್ಟು ದಿನ, ಹೇಳಿದ ಹಾಗೆ. ಮೂರು, ಬಾಳೆಹಣ್ಣು, ಬ್ರೆಡ್ ಹಿಡಿದುಕೊಂಡು ರೋಗಿಯನ್ನು ಮಾತಾಡಿಸಲು ಹೋಗುವವರದು. ಬಸ್ಸಿನ ಸರಳು ಹಿಡಿದ ಕೈಯಲ್ಲೇ ಕೂಸನ್ನು, ಗಾಯದ ಪಟ್ಟಿಯನ್ನು ಮುಟ್ಟಬೇಡಿ. ಹೊಸ ಔಷಧ ಬರಲು ವರ್ಷಗಳೇ ಬೇಕಾದೀತು. ಸಾಬೂನು ಎಲ್ಲ ಕಿರಾಣಿ ಅಂಗಡಿಯಲ್ಲೂ ಇದೆ.