ಮೇಜಿನ ಮೇಲೆ ಲಾಂಗ್ ಐಲೆಂಡ್ ಲೋಕಲ್

ಉಗಿ ಎಂಜಿನ್ನಿನ ಗಾಲಿಯ ವ್ಯಾಸ ಎರಡು ಸೆಂಟಿಮೀಟರ್ ಇರಬೇಕೋ, ಇನ್ನೊಂದು ಮೂರೂವರೆ ಮಿಲಿಮೀಟರ್ ಹೆಚ್ಚಿರಬೇಕೋ? ಅಮೆರಿಕದ ಲಾಂಗ್ ಐಲೆಂಡ್ ರೈಲ್ವೆಯ ಪುಟಾಣಿ ಮಾದರಿಗಳನ್ನು ತಯಾರಿಸುವ ಹವ್ಯಾಸಿಗಳಿಗೆ ಇದು ತಲೆ ಕೆಡಿಸಿಕೊಳ್ಳಬೇಕಾದಷ್ಟು ದೊಡ್ಡ ಪ್ರಶ್ನೆ. ಆಟಿಕೆಗೆ ಇಷ್ಟೊಂದು ರಗಳೆಯೇ ಎಂದು ನಗಬೇಡಿ. ಆ ಮೂರೂವರೆ ಮಿಲಿಮೀಟರಿನಲ್ಲಿ ಒಂದು ರೈಲ್ವೆಯ ಸ್ವಭಾವವೇ ಅಡಗಿದೆ.

ನ್ಯೂಯಾರ್ಕ್ ನಗರದಿಂದ ಪೂರ್ವಕ್ಕೆ ಮೀನಿನಂತೆ ಚಾಚಿಕೊಂಡಿರುವ ದ್ವೀಪ ಲಾಂಗ್ ಐಲೆಂಡ್. 1834ರಲ್ಲಿ ಅಲ್ಲಿ ರೈಲ್ವೆ ಕಂಪನಿ ಹುಟ್ಟಿದ್ದು ದ್ವೀಪದ ಜನರಿಗಾಗಿ ಅಲ್ಲ, ಬಾಸ್ಟನ್ನಿಗೆ ಹೋಗುವವರಿಗಾಗಿ. ಬ್ರೂಕ್ಲಿನ್‌ನಿಂದ ದ್ವೀಪದ ತುದಿಯ ಗ್ರೀನ್‌ಪೋರ್ಟ್‌ವರೆಗೆ ರೈಲು, ಅಲ್ಲಿಂದ ಹಡಗು, ಆಚೆ ದಡದಲ್ಲಿ ಮತ್ತೆ ರೈಲು. 1844ರಲ್ಲಿ ಈ ದಾರಿ ಪೂರ್ಣಗೊಂಡಿತು. ಆದರೆ ಕೆಲವೇ ವರ್ಷಗಳಲ್ಲಿ ಕನೆಕ್ಟಿಕಟ್ ಮೂಲಕ ನೆಲದ ಮೇಲೆಯೇ ರೈಲುದಾರಿ ತೆರೆಯಿತು. ಹಡಗು ಹತ್ತುವವರೇ ಇಲ್ಲವಾದರು. 1850ರ ಹೊತ್ತಿಗೆ ಕಂಪನಿ ದಿವಾಳಿ. ಮುಂದೆ ಅದನ್ನು ಬದುಕಿಸಿದವರು ಬೆಳಿಗ್ಗೆ ಪಟ್ಟಣಕ್ಕೆ ಹೋಗಿ ಸಂಜೆ ಮನೆಗೆ ಮರಳುವ ಊರವರೇ. ಅಮೆರಿಕದಲ್ಲಿ ಇಂದು ಅತಿ ಹೆಚ್ಚು ಜನ ಓಡಾಡುವ ಉಪನಗರ ರೈಲ್ವೆಗಳಲ್ಲಿ ಇದೂ ಒಂದು.

ಇಂಥ ರೈಲಿಗೆ ಬೇಕಾದದ್ದು ಓಟದ ಬಿರುಸಲ್ಲ. ಎರಡು ಮೂರು ಕಿಲೋಮೀಟರಿಗೊಂದು ನಿಲ್ದಾಣ ಬಂದರೆ ವೇಗ ಹಿಡಿಯುವಷ್ಟರಲ್ಲಿ ನಿಲ್ಲಿಸಬೇಕು. ನಿಂತ ಮೇಲೆ ಬೇಗ ಹೊರಡಬೇಕು. ಗೇರ್ ಇರುವ ಸೈಕಲ್ ತುಳಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹೊರಡುವಾಗ ತುಳಿತ ಹಗುರವಿರುವ ಗೇರ್ ಬೇಕು, ದೂರದ ಓಟಕ್ಕೆ ಭಾರದ್ದು. ಉಗಿ ಎಂಜಿನ್ನಿಗೆ ಗೇರ್ ಇಲ್ಲ, ಗಾಲಿಯ ವ್ಯಾಸವೇ ಅದರ ಗೇರ್. ಪೆನ್ಸಿಲ್ವೇನಿಯಾ ರೈಲ್ವೆಯ ಪ್ರಸಿದ್ಧ ಕೆ4ಎಸ್ ಎಕ್ಸ್‌ಪ್ರೆಸ್ ಎಂಜಿನ್ನಿನ ಚಾಲಕ ಗಾಲಿ 80 ಅಂಗುಲ. ಅದೇ ಕಂಪನಿ ಲಾಂಗ್ ಐಲೆಂಡಿಗೆ 1924ರಿಂದ 1929ರವರೆಗೆ ಕಟ್ಟಿಕೊಟ್ಟ ಜಿ5ಎಸ್ ಎಂಜಿನ್ನಿನದು 68 ಅಂಗುಲ ಮಾತ್ರ. ಮೂವತ್ತೊಂದು ಎಂಜಿನ್ನುಗಳು ಬಂದವು. ಚಿತ್ರಪಟದಲ್ಲಿ ಹಾಕಿಕೊಳ್ಳುವಂಥ ಚೆಲುವು ಅವಕ್ಕಿರಲಿಲ್ಲ. ಗಿಡ್ಡ ಕಾಲು, ದಪ್ಪ ಹೊಟ್ಟೆ.

ಈಗ ಲೆಕ್ಕ ಮಾಡಿ. ಎಚ್‌ಒ ಎಂಬ ಜನಪ್ರಿಯ ಅಳತೆಯಲ್ಲಿ ಎಲ್ಲವೂ ಮೂಲದ 87ರಲ್ಲಿ ಒಂದು ಭಾಗ. 68 ಅಂಗುಲ ಎಂದರೆ ಸುಮಾರು 173 ಸೆಂ.ಮೀ., ಅದು 2 ಸೆಂ.ಮೀ. ಆಗುತ್ತದೆ. 80 ಅಂಗುಲದ್ದು 2.3ಕ್ಕಿಂತ ತುಸು ಹೆಚ್ಚು. ಸುಲಭವಾಗಿ ಸಿಕ್ಕಿತೆಂದು ಎಕ್ಸ್‌ಪ್ರೆಸ್ ಗಾಲಿ ತೊಡಿಸಿದರೆ ಲೋಕಲ್ ಎಂಜಿನ್ ಲೋಕಲ್ ಆಗಿ ಉಳಿಯುವುದಿಲ್ಲ. ಹಾಗೆಂದು ಎಲ್ಲದರಲ್ಲೂ ಇಷ್ಟು ನಿಷ್ಠೆ ಸಾಧ್ಯವಿಲ್ಲ. ಬ್ರೂಕ್ಲಿನ್‌ನಿಂದ ಗ್ರೀನ್‌ಪೋರ್ಟಿಗೆ ಸುಮಾರು 153 ಕಿ.ಮೀ.; ಎಚ್‌ಒ ಅಳತೆಯಲ್ಲೂ ಅದು ಒಂದೂಮುಕ್ಕಾಲು ಕಿ.ಮೀ. ಆಗುತ್ತದೆ. ಅಷ್ಟು ದೊಡ್ಡ ಮನೆ ಯಾರಿಗಿದೆ? ಹಾಗಾಗಿ ಒಂದೋ ಎರಡೋ ನಿಲ್ದಾಣ ಆರಿಸಿಕೊಂಡು, ಉಳಿದದ್ದನ್ನು ಊಹೆಗೆ ಬಿಡುತ್ತಾರೆ. ನಮ್ಮ ರೈಲುಗಳ ಮಾದರಿ ಮಾಡುವವರಿಗೆ ಇನ್ನೊಂದು ತೊಡಕು. ಎಚ್‌ಒ ಹಳಿಯ ಅಗಲ 16.5 ಮಿ.ಮೀ., ಅಂದರೆ ಅಮೆರಿಕದ 1435 ಮಿ.ಮೀ. ಹಳಿಗೆ ಸರಿಯಾದದ್ದು. ಭಾರತದ ಬ್ರಾಡ್‌ಗೇಜ್ 1676 ಮಿ.ಮೀ.; ಅದಕ್ಕೆ 19 ಮಿ.ಮೀ.ಗಿಂತ ಹೆಚ್ಚು ಅಗಲ ಬೇಕು.

ವಿದ್ಯುತ್ತಿನ ಕತೆ ಇನ್ನೂ ಸ್ವಾರಸ್ಯಕರ. ಲಾಂಗ್ ಐಲೆಂಡ್ ರೈಲ್ವೆ 1905ರಲ್ಲಿ ವಿದ್ಯುತ್ ರೈಲು ಓಡಿಸತೊಡಗಿತು. ಮುಂಬಯಿಯಂತೆ ತಲೆಯ ಮೇಲೆ ತಂತಿ ಎಳೆಯಲಿಲ್ಲ. ಹಳಿಗಳ ಪಕ್ಕದಲ್ಲಿ ಮೂರನೆಯ ಹಳಿ ಹಾಕಿ ಅದರಲ್ಲಿ ವಿದ್ಯುತ್ ಹರಿಸಿದರು. ಗಾಡಿಗೆ ಜೋಡಿಸಿದ ಲೋಹದ ಪಟ್ಟಿ ಆ ಹಳಿಯ ಮೇಲೆ ಜಾರುತ್ತಾ ವಿದ್ಯುತ್ ಪಡೆಯುತ್ತದೆ, ಓಡುವ ಹಳಿಗಳ ಮೂಲಕ ಅದು ವಾಪಸಾಗುತ್ತದೆ. 1910ರಲ್ಲಿ ನದಿಯಡಿಯ ಸುರಂಗದಿಂದ ಮ್ಯಾನ್‌ಹಟನ್ನಿನ ಪೆನ್ ನಿಲ್ದಾಣ ತಲುಪಲು ಸಾಧ್ಯವಾದದ್ದು ಇದರಿಂದಲೇ. ಉಗಿಬಂಡಿ ಹೋಗಿದ್ದರೆ ಸುರಂಗದ ಹೊಗೆಯಲ್ಲಿ ಪ್ರಯಾಣಿಕರ ಗತಿ ಏನಾಗುತ್ತಿತ್ತು!

ಅದೇ ನ್ಯೂಯಾರ್ಕಿನಲ್ಲಿ 1900ರಲ್ಲಿ ಹುಟ್ಟಿದ ಲಯೊನೆಲ್ ಆಟಿಕೆ ರೈಲು ಸಂಸ್ಥೆ 1906ರಲ್ಲಿ ಮೂರು ಹಳಿಗಳ ಪಥ ತಂದಿತು. ವಿದ್ಯುತ್ ಹರಿಯುವ ಹಳಿ ಇಲ್ಲಿ ನಡುವೆ. ಅಸಲಿ ರೈಲಿನಲ್ಲಿ ನಡುಹಳಿ ಎಲ್ಲಿದೆ ಎಂದು ನಿಖರತೆಯ ಭಕ್ತರು ಮೂಗು ಮುರಿಯುತ್ತಾರೆ. ಅವರ ಎರಡು ಹಳಿಯ ಮಾದರಿಗಳಲ್ಲಿ ಒಂದು ಹಳಿ ಧನ, ಇನ್ನೊಂದು ಋಣ. ಅದರಲ್ಲಿ ಹಳಿ ಸುತ್ತು ಹೊಡೆದು ತನ್ನನ್ನೇ ಕೂಡಿದರೆ ಧನಕ್ಕೆ ಋಣ ತಗುಲಿ ಶಾರ್ಟ್ ಸರ್ಕ್ಯೂಟ್. ಮೂರು ಹಳಿಯಲ್ಲಿ ಆ ತಾಪತ್ರಯವಿಲ್ಲ. ನೋಟಕ್ಕೆ ಸುಳ್ಳಾದರೂ, ಬೇರೆ ಹಳಿಯಿಂದ ಬಂದು ಓಡುವ ಹಳಿಯಿಂದ ಮರಳುವ ವಿದ್ಯುತ್ತಿನ ದಾರಿಯಲ್ಲಿ ಲಾಂಗ್ ಐಲೆಂಡಿಗೆ ಹತ್ತಿರವಿರುವುದು ಮಕ್ಕಳ ಆಟಿಕೆಯೇ.

ಡೀಸೆಲ್ ಕಾಲದ ಒಂದು ವಿಚಿತ್ರವನ್ನೂ ಹವ್ಯಾಸಿಗಳು ಬಿಟ್ಟಿಲ್ಲ. 1970ರ ದಶಕದಲ್ಲಿ ಈ ರೈಲ್ವೆ ಹಳೆಯ ಆಲ್ಕೊ ಎಂಜಿನ್ನುಗಳನ್ನು ತಂದು, ಎಳೆಯುವ ಕೆಲಸದಿಂದ ಬಿಡುಗಡೆ ಮಾಡಿ, ಬೋಗಿಗಳಿಗೆ ದೀಪ ಮತ್ತು ಬಿಸಿ ಒದಗಿಸುವುದಕ್ಕೆ ಇಟ್ಟುಕೊಂಡಿತು. ರೈಲಿನ ಒಂದು ತುದಿಯಲ್ಲಿ ಎಳೆಯುವ ಎಂಜಿನ್, ಇನ್ನೊಂದು ತುದಿಯಲ್ಲಿ ಚಾಲಕ ಕೂರಲು ಈ ನಿವೃತ್ತ ಎಂಜಿನ್. ಮಾದರಿ ಮಾಡುವವರಿಗೆ ಇದು ಉಳಿತಾಯ: ಮೋಟಾರ್ ಇಲ್ಲದ ಎಂಜಿನ್ ಇಟ್ಟರೂ ಚರಿತ್ರೆಗೆ ದ್ರೋಹವಾಗುವುದಿಲ್ಲ. 1950ರ ದಶಕದ ಕೊನೆಯಲ್ಲಿ ಬಂದ ಲಾಂಛನವನ್ನೂ ಗಾಡಿಗಳ ಮೇಲೆ ಅಂಟಿಸುವವರಿದ್ದಾರೆ. ಕೈಯಲ್ಲಿ ಬ್ಯಾಗ್, ಕಣ್ಣು ಗಡಿಯಾರದ ಮೇಲೆ, ರೈಲು ತಪ್ಪೀತೆಂದು ಓಡುವ ಆಫೀಸಿನ ಮನುಷ್ಯ. ಹೆಸರು ಡ್ಯಾಶಿಂಗ್ ಡ್ಯಾನ್. ಪ್ರಯಾಣಿಕನ ಅವಸರವನ್ನೇ ಗುರುತು ಮಾಡಿಕೊಂಡ ರೈಲ್ವೆ ಇನ್ನೆಲ್ಲಿ ಸಿಕ್ಕೀತು?

ಅಸಲಿ ವಸ್ತುಗಳ ಪಾಡು ಇಷ್ಟು ಚೆನ್ನಾಗಿಲ್ಲ. ಪೆನ್ ನಿಲ್ದಾಣದ ಭವ್ಯ ಕಟ್ಟಡವನ್ನು 1963ರಿಂದ ಕೆಡವಿದರು. ಈ ರೈಲ್ವೆಯ ಉಗಿ ಯುಗ 1955ರ ಅಕ್ಟೋಬರಿನಲ್ಲಿ ಮುಗಿಯಿತು. ಮೂವತ್ತೊಂದು ಜಿ5ಎಸ್‌ಗಳಲ್ಲಿ ಇಪ್ಪತ್ತೊಂಬತ್ತು ಗುಜರಿ ಸೇರಿದವು. ಉಳಿದವು ಎರಡೇ. 35ನೇ ನಂಬರಿನದು ಆಯಿಸ್ಟರ್ ಬೇ ಎಂಬ ಊರಿನ ರೈಲ್ವೆ ಮ್ಯೂಸಿಯಮ್ಮಿನದು. 39ನೆಯದು ರಿವರ್‌ಹೆಡ್ ಮತ್ತು ಗ್ರೀನ್‌ಪೋರ್ಟ್‌ಗಳಲ್ಲಿರುವ ಲಾಂಗ್ ಐಲೆಂಡ್ ರೈಲ್ವೆ ಮ್ಯೂಸಿಯಮ್ಮಿಗೆ ಸೇರಿದ್ದು. ಅದನ್ನು ಮತ್ತೆ ಓಡಿಸಬೇಕೆಂದು ಪೆನ್ಸಿಲ್ವೇನಿಯಾದ ಸ್ಟ್ರಾಸ್‌ಬರ್ಗ್ ಕಾರ್ಯಾಗಾರಕ್ಕೆ ಸಾಗಿಸಿದರು. ಹಳೆಯ ಬಾಯ್ಲರನ್ನು ಉಗಿಯ ಒತ್ತಡ ತಾಳುವಂತೆ ಮಾಡುವುದು ವರ್ಷಗಟ್ಟಲೆ ಹಿಡಿಯುವ, ದೇಣಿಗೆ ಬೇಡುವ ಕೆಲಸ. ರಿವರ್‌ಹೆಡ್ಡಿನ ಮ್ಯೂಸಿಯಮ್ಮಿನಲ್ಲೇ, ಹಿಂದೆ ಮಿಶಿಗನ್‌ನಲ್ಲಿದ್ದ ಲಯೊನೆಲ್ ಸಂಸ್ಥೆಯ ದೊಡ್ಡ ಮಾದರಿ ರೈಲುಪಥವೂ ಇದೆ. ಅದರ ಮುಂದೆ ನಿಲ್ಲುವ ಮಕ್ಕಳಿಗೆ ಡೀಸೆಲ್ ಯಾವುದು, ಉಗಿ ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.