ಅಧ್ಯಾಯ 4: ಗರ್ಭಚೀಲ ಜಾರಿದರೆ ರಿಂಗು

ಹೆಣ್ಣಿನ ಗುಪ್ತಾಂಗಕ್ಕೆಂದು ಮಾಡಿದ ಸಾಧನಗಳು ಎಂದೊಡನೆ ಓದುಗರ ತಲೆ ಒಂದೇ ದಿಕ್ಕಿಗೆ ಓಡುತ್ತದೆ. ಅದನ್ನೂ ಹೇಳುತ್ತೇನೆ, ಸ್ವಲ್ಪ ತಾಳಿ. ಮುಟ್ಟಿನ ರಕ್ತ ಹಿಡಿಯುವ ಕಪ್ಪು ಇಂಥದೊಂದು ಸಾಧನ. ಯೋನಿ ಬಿಗಿದುಕೊಂಡು ಕೂಡುವಾಗ ನೋಯುವವರಿಗೆ ಹಂತಹಂತವಾಗಿ ದಪ್ಪವಾಗುವ ಡೈಲೇಟರ್ ಇನ್ನೊಂದು. ಕಂಪಿಸುವ ವೈಬ್ರೇಟರ್ ಮಗದೊಂದು. ನನ್ನ ಒಲವು ಮಾತ್ರ ಯಾರೂ ಮಾತಾಡದ ಪೆಸರಿಯ ಕಡೆಗೆ. ಆಸ್ಪತ್ರೆಯಲ್ಲಿ ಅದಕ್ಕೆ 'ರಿಂಗು' ಅಂತಲೇ ಹೆಸರು.

ನಮ್ಮ ಕಲಬುರಗಿ ಜಿಲ್ಲೆಯ ಇಜೇರಿಯ ಸುತ್ತಮುತ್ತ ತೊಗರಿ, ಹತ್ತಿ, ಜೋಳದ ಹೊಲಗಳಲ್ಲಿ ದುಡಿಯುವ ಹೆಂಗಸರಿಗೆ ಇದರ ಅಗತ್ಯ ಚೆನ್ನಾಗಿಯೇ ಇದೆ. ಹೆರಿಗೆಯ ಮೇಲೆ ಹೆರಿಗೆ, ಬಾಣಂತನ ಮುಗಿಯುವ ಮೊದಲೇ ನೀರಿನ ಕೊಡ, ಕಟ್ಟಿಗೆಯ ಹೊರೆ, ವರ್ಷಗಟ್ಟಲೆ ಮಲಬದ್ಧತೆ ಅಥವಾ ಕೆಮ್ಮು: ಇವೆಲ್ಲ ಸೇರಿದರೆ ಗರ್ಭಚೀಲ ಕೆಳಗೆ ಜಾರುತ್ತದೆ. ಕೂತರೆ ಏನೋ ಒತ್ತಿದಂತೆ, ನಿಂತರೆ ಏನೋ ಇಳಿದಂತೆ. ಮೂತ್ರಕ್ಕೆ ತೊಂದರೆ, ಗಂಡನ ಜೊತೆ ಮಲಗಲು ಸಂಕೋಚ. ಹೇಳಿಕೊಂಡರೆ ಸಿಗುವ ಉತ್ತರ ಒಂದೇ: "ಮಕ್ಕಳಾಗ್ಯಾವಲ್ಲ, ಇನ್ನ ಅದನ್ನ ಇಟ್ಕೊಂಡು ಏನ್ ಮಾಡ್ತಿ? ತಗಿಸಿಬಿಡವಾ."

ಎಡವುವುದು ಇಲ್ಲಿಯೇ. ಕೆಟ್ಟಿದ್ದು ಗರ್ಭಚೀಲವಲ್ಲ, ಅದನ್ನು ಹೊತ್ತ ಆಧಾರ. ಕಿಬ್ಬೊಟ್ಟೆಯ ತಳದಲ್ಲಿ ಮುಂದಿನ ಮೂಳೆಯಿಂದ ಹಿಂದಿನ ಬಾಲಮೂಳೆಯವರೆಗೆ ಸ್ನಾಯುಗಳ ಒಂದು ಹಾಸು ಇದೆ. ಹೊಲದ ಬದುವಿನ ಮರಕ್ಕೆ ಕೂಸಿಗೆಂದು ಕಟ್ಟಿದ ಜೋಲಿಯನ್ನು ನೆನೆಯಿರಿ. ಜೋಲಿ ಸಡಿಲಾದರೆ ಕೂಸು ನೆಲಕ್ಕೆ ತಾಗುತ್ತದೆ, ತಪ್ಪು ಕೂಸಿನದಲ್ಲ. ಈ ಹಾಸು ಸಡಿಲಾದಾಗ ಗರ್ಭಚೀಲದ ಜೊತೆ ಮುಂದಿನಿಂದ ಮೂತ್ರಕೋಶ, ಹಿಂದಿನಿಂದ ಮಲಾಶಯವೂ ಯೋನಿಯೊಳಕ್ಕೆ ಉಬ್ಬಬಹುದು. ಗರ್ಭಚೀಲ ತೆಗೆದಮೇಲೂ ಯೋನಿಯ ಮೇಲ್ತುದಿ ಕೆಳಗಿಳಿಯುವುದುಂಟು. ಶಸ್ತ್ರಚಿಕಿತ್ಸೆ ಬೇಕಾಗುವವರಿದ್ದಾರೆ, ಅವರಿಗೆ ಬೇಡ ಎನ್ನಲಾರೆ. ಆದರೆ ಆಧಾರವನ್ನು ಸರಿಪಡಿಸದೆ ಚೀಲವನ್ನಷ್ಟೇ ತೆಗೆದರೆ ಅದು ಅರ್ಧ ಕೆಲಸ.

ರಿಂಗು ಮಾಡುವುದು ಆಧಾರದ ಕೆಲಸವನ್ನೇ. ಮೆತ್ತನೆಯ ಸಿಲಿಕೋನ್ ಅಥವಾ ಪಿವಿಸಿಯ ಬಳೆ ಅದು. ವೈದ್ಯರು ಅಳತೆ ನೋಡಿ, ಒತ್ತಿ ಚಪ್ಪಟೆ ಮಾಡಿ ಒಳಗಿಡುತ್ತಾರೆ. ಅದರ ಹಿಂದಿನ ಅಂಚು ಗರ್ಭಕಂಠದ ಹಿಂಬದಿಯಲ್ಲಿ, ಮುಂದಿನ ಅಂಚು ಮುಂದಿನ ಮೂಳೆಯ ಒಳಬದಿಯಲ್ಲಿ ಕೂರುತ್ತದೆ. ಅಳತೆ ಸರಿಯಿದ್ದರೆ ಅದು ಒಳಗಿದೆ ಎಂಬುದೇ ಮರೆತುಹೋಗುತ್ತದೆ. ನಡುವೆ ತೆರವಿರುವುದರಿಂದ ಮುಟ್ಟಿನ ರಕ್ತಕ್ಕೆ ತಡೆಯಿಲ್ಲ, ಬಹುಪಾಲು ಹೆಂಗಸರಿಗೆ ಸಂಭೋಗಕ್ಕೂ ಇಲ್ಲ. ಹೊಸ ವಿದ್ಯೆಯೇನಲ್ಲ ಇದು: ಪ್ರಾಚೀನ ಗ್ರೀಸಿನಲ್ಲಿ ಹಿಪೊಕ್ರಟೀಸನ ಪರಂಪರೆಯ ವೈದ್ಯರು ಇದೇ ಕೆಲಸಕ್ಕೆ ಅರ್ಧ ದಾಳಿಂಬೆ ಇಡುತ್ತಿದ್ದರು. (ದಯವಿಟ್ಟು ಯಾರೂ ಪ್ರಯೋಗಕ್ಕಿಳಿಯಬೇಡಿ.)

"ಒಳಗ ಕಳದ್ಹೋದ್ರ?" ಎಲ್ಲ ಊರಲ್ಲೂ ಕೇಳುವ ಪ್ರಶ್ನೆ ಇದು. ಕಳೆದುಹೋಗಲು ಅಲ್ಲಿ ದಾರಿಯೇ ಇಲ್ಲ. ಯೋನಿ ಹೊಟ್ಟೆಗೆ ಹೋಗುವ ಕೊಳವೆಯಲ್ಲ, ತುದಿ ಮುಚ್ಚಿದ ಸಂಚಿ. ಉದ್ದ ಸುಮಾರು 7ರಿಂದ 10 ಸೆಂಟಿಮೀಟರ್. ತುದಿಯಲ್ಲಿರುವ ಗರ್ಭಕಂಠದ ಬಾಯಿ ಬಹಳ ಕಿರಿದು. ರಿಂಗಾಗಲಿ ಮುಟ್ಟಿನ ಕಪ್ಪಾಗಲಿ ಅದನ್ನು ದಾಟದು. ಅಪಾಯ ಬೇರೆಯೇ ಇದೆ, ಅದು ಮರೆವು. ರಿಂಗನ್ನು ಕೆಲವು ತಿಂಗಳಿಗೊಮ್ಮೆ ತೆಗೆದು ತೊಳೆದು, ಒಳಚರ್ಮ ಪರೀಕ್ಷಿಸಿ ಮತ್ತೆ ಇಡಬೇಕು. ವರ್ಷಗಟ್ಟಲೆ ಹಾಗೇ ಬಿಟ್ಟರೆ ಹುಣ್ಣಾಗುತ್ತದೆ. ರಕ್ತ, ದುರ್ವಾಸನೆಯ ಸ್ರಾವ, ನೋವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಸ್ನಾಯುಗಳಿಗೂ ಕಸರತ್ತು ಉಂಟು. ಮೂತ್ರ ತಡೆಯುವಂತೆ ಬಿಗಿದು, ಬಿಟ್ಟು, ಮತ್ತೆ ಬಿಗಿಯುವ ವ್ಯಾಯಾಮವನ್ನು 1948ರಲ್ಲಿ ಪ್ರಸಿದ್ಧಿಗೆ ತಂದವನು ಅಮೆರಿಕದ ವೈದ್ಯ ಆರ್ನಾಲ್ಡ್ ಕೀಗಲ್. ಅವನೂ ಒಂದು ಸಾಧನ ಮಾಡಿದ್ದ: ಯೋನಿಯೊಳಗಿಟ್ಟು ಹಿಂಡಿದರೆ ಒತ್ತಡವನ್ನು ಮುಳ್ಳು ತೋರಿಸುವ ಪೆರಿನಿಯೋಮೀಟರ್. ಈ ಸ್ನಾಯುಗಳು ಬಲವಾದಾಗ ಕಾಮಸುಖವೂ ಹೆಚ್ಚುತ್ತದೆಂದು ಆತ ಆ ಕಾಲಕ್ಕೇ ಬರೆದ. ಆರೋಗ್ಯ ಬೇರೆ, ಸುಖ ಬೇರೆ ಎಂದು ಗೋಡೆ ಕಟ್ಟಿದವರು ನಾವು. ದೇಹದಲ್ಲಿ ಎರಡನ್ನೂ ನೋಡಿಕೊಳ್ಳುವುದು ಅದೇ ಸ್ನಾಯುಗಳು.

ಈಗ ವೈಬ್ರೇಟರ್. ಮುಟ್ಟು ನಿಂತಮೇಲೆ, ಸಕ್ಕರೆ ಕಾಯಿಲೆಯಲ್ಲಿ, ಖಿನ್ನತೆಯ ಕೆಲವು ಮಾತ್ರೆಗಳಿಂದ ಸಂವೇದನೆ ಕುಗ್ಗಿದವರಿಗೆ ಅದು ನೆರವಾಗಬಲ್ಲದು. ಬಳಸಿದ ಮೇಲೆ ಸೋಪಿನಿಂದ ತೊಳೆಯಬೇಕು, ಹಂಚಿಕೊಳ್ಳಬಾರದು. ಯೋನಿ ಒಣಗಿ ನೋಯುವವರು ಮೊದಲು ನೀರಿನಂಶದ ಜೆಲ್ ಬಳಸಿ ನೋಡಲಿ. ಕಾಮಸುಖಕ್ಕೆಂದು ಮಾಡಿದ ವಸ್ತು ತನ್ನಷ್ಟಕ್ಕೇ ಅಶ್ಲೀಲವಲ್ಲ ಎಂದು ಕಲ್ಕತ್ತಾ ಹೈಕೋರ್ಟ್ 2011ರಲ್ಲೇ ಹೇಳಿದೆ.

ಮತ್ತೆ ನಮ್ಮ ಜಿಲ್ಲೆಗೆ ಬರೋಣ. ಕಲಬುರಗಿಯ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಹೆಂಗಸರು 2017ರಲ್ಲಿ ಬೀದಿಗಿಳಿದರು. 2,258 ಹೆಂಗಸರ ಗರ್ಭಚೀಲವನ್ನು ಖಾಸಗಿ ಆಸ್ಪತ್ರೆಗಳು ಕಾರಣವಿಲ್ಲದೆ ತೆಗೆದಿವೆ ಎಂಬುದು ಆರೋಪ. ಅನೇಕರು ಹೋದದ್ದು ಹೊಟ್ಟೆನೋವು, ಬಿಳಿಸೆರಗಿಗೆ. ಕ್ಯಾನ್ಸರ್ ಆಗುತ್ತದೆಂಬ ಹೆದರಿಕೆ ಹೊತ್ತು ಶಸ್ತ್ರಚಿಕಿತ್ಸೆಗೆ ಒಪ್ಪಿದರು. ಇಂಥ ಪ್ರಕರಣಗಳನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿತು. ಗರ್ಭಚೀಲದ ಜೊತೆ ಅಂಡಾಶಯವನ್ನೂ ತೆಗೆದರೆ ಮೂವತ್ತೈದರಲ್ಲೇ ಮುಪ್ಪಿನ ತೊಂದರೆಗಳು ಶುರು: ಮೂಳೆ ಸವೆತ, ಮೈ ಕಾವು, ಯೋನಿಯ ಒಣಗುವಿಕೆ.

ಜೇವರ್ಗಿ, ಆಳಂದ, ಅಫಜಲಪುರದ ಹಳ್ಳಿಗಳಲ್ಲಿ ಎಷ್ಟು ಹೆಂಗಸರಿಗೆ ಗರ್ಭಚೀಲ ಜಾರಿದೆ, ಅವರಲ್ಲಿ ಎಷ್ಟು ಮಂದಿಗೆ ರಿಂಗು ತೋರಿಸಲಾಗಿದೆ ಎಂದು ಮನೆಮನೆಗೆ ಹೋಗಿ ಎಣಿಸುವ ಕೆಲಸವನ್ನು ಕಲಬುರಗಿಯ ವೈದ್ಯಕೀಯ ವಿದ್ಯಾರ್ಥಿನಿಯರು ಕೈಗೆತ್ತಿಕೊಳ್ಳಲಿ. ಅಲ್ಲಿಯತನಕ, ಓದುವ ಅಕ್ಕಂದಿರೇ, ತೆಗೆಸು ಎಂದವರನ್ನು ಕೇಳಿ: ರಿಂಗು ಹಾಕಿ ನೋಡಬಹುದೇ?